ಫೋಟೋ ಸ್ಪರ್ಧೆ: ಬಹುಮಾನ ಎಣಿಕೆಗೋ, ಚಂದಕ್ಕೋ, ಕೊರತೆ ತುಂಬಿದ್ದಕ್ಕೋ?

ವಿಕಿಮೀಡಿಯ ಕಾಮನ್ಸ್ ಅಂದರೆ ವಿಕಿಪೀಡಿಯ ಲೇಖನಗಳಿಗೂ ಬಳಸುವ, ಎಲ್ಲರಿಗೂ ಮುಕ್ತವಾದ ಫೋಟೋಗಳ ಭಂಡಾರ. ಅದಕ್ಕೆ ಫೋಟೋ ಸೇರಿಸುವ ಸ್ಪರ್ಧೆಗಳನ್ನು ನಾವು ಕೆಲವು ಸ್ವಯಂಸೇವಕರು ನಡೆಸುತ್ತೇವೆ. ಮೂರು ಬಗೆಯ ನಿಯಮ ಇಟ್ಟು ನೋಡಿದ್ದೇವೆ. ಜಾಸ್ತಿ ಫೋಟೋ ಹಾಕಿದವರಿಗೆ ಬಹುಮಾನ, ಚಂದದ ಫೋಟೋಗೆ ಬಹುಮಾನ, ಇದುವರೆಗೆ ಫೋಟೋನೇ ಇಲ್ಲದ ವಿಷಯಕ್ಕೆ ಫೋಟೋ ತಂದರೆ ಅಂಕ. ಇನ್ನು ಮುಂದೆ ನಾನು ಕೈ ಹಾಕುವುದು ಮೂರನೆಯದಕ್ಕೆ ಮಾತ್ರ.

ಎಣಿಕೆಯ ಸ್ಪರ್ಧೆ ಮುಗಿದ ಮೇಲೆ ನಮ್ಮ ನಿಜವಾದ ಕೆಲಸ ಶುರುವಾಯಿತು. ಒಂದೇ ಬಾಗಿಲು, ಒಂದೇ ಕಂಬ, ಒಂದು ಹೆಜ್ಜೆ ಆಚೆ ಈಚೆ ನಿಂತು ತೆಗೆದ ಫೋಟೋಗಳ ರಾಶಿ. ಫೈಲಿನ ಹೆಸರು ಕ್ಯಾಮೆರಾ ಕೊಟ್ಟದ್ದೇ, ವಿವರಣೆ ಖಾಲಿ. ಅದು ಯಾವ ಕಟ್ಟಡ, ಎಲ್ಲಿದೆ ಅಂತ ತಿಳಿಯದಿದ್ದರೆ ಫೋಟೋ ಯಾರಿಗೆ ಬೇಕು? ಹುಡುಕುವವರ ಕಣ್ಣಿಗೇ ಅದು ಬೀಳುವುದಿಲ್ಲ. ಬೇರೆಯವರ ಫೋಟೋಗಳನ್ನು ತಮ್ಮದೆಂದು ಹಾಕಿದವರೂ ಇದ್ದರು. ಅವನ್ನು ಹುಡುಕಿ ಅಳಿಸಲು ಕೋರುವ ಕೆಲಸವೂ ನಮ್ಮ ಮೇಲೇ ಬಿತ್ತು.

ಒಂದು ಸ್ಥಳಕ್ಕೆ ಐದೇ ಫೋಟೋ ಅಂತ ಮಿತಿ ಹಾಕಿದೆವು. ಆಗ ಬಾಗಿಲು ಬೇರೆ, ಹೊಸ್ತಿಲು ಬೇರೆ, ಕಿಟಕಿ ಬೇರೆ ಅಂತ ಹೆಸರಿಟ್ಟು ಕಳಿಸಿದರು. ಅಂಕ ಎಣಿಕೆಗೆ ಇರುವಷ್ಟು ದಿನ ಜನ ಎಣಿಕೆಯನ್ನೇ ಹೆಚ್ಚಿಸುತ್ತಾರೆ, ಅಲ್ವಾ?

ಚಂದಕ್ಕೆ ಬಹುಮಾನ ಕೊಡುವ ಬಗೆಗೆ ‘ವಿಕಿ ಲವ್ಸ್ ಮಾನ್ಯುಮೆಂಟ್ಸ್’ ಒಳ್ಳೆಯ ಮಾದರಿ. ಸ್ಮಾರಕಗಳ ಈ ಫೋಟೋ ಸ್ಪರ್ಧೆ 2010ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಶುರುವಾದದ್ದು. ಫೋಟೋ ಯಾವಾಗ ತೆಗೆದದ್ದಾದರೂ ಸರಿ, ಸ್ಪರ್ಧೆಯ ಅವಧಿಯಲ್ಲಿ ಅಪ್‌ಲೋಡ್ ಆದರೆ ಸಾಕು ಅನ್ನುವ ನಿಯಮ ನನಗೆ ತುಂಬ ಹಿಡಿಸಿತು. ಹಳೆಯ ಆಲ್ಬಮ್‌ಗಳು ಹೊರಗೆ ಬರುತ್ತವೆ. ಆದರೆ ಹೆಸರಾದ ಜಾಗದ ಸೂರ್ಯಾಸ್ತ ಗೆಲ್ಲುತ್ತದೆ, ಲೇಖನಕ್ಕೆ ಬೇಕಾದ ನೇರ ಎದುರುನೋಟ ಸೋಲುತ್ತದೆ. ತೀರ್ಪುಗಾರರನ್ನೂ ಹುಡುಕಬೇಕು.

ಮೂರನೆಯದಕ್ಕೆ ಮೊದಲು ಪಟ್ಟಿ ಬೇಕು. ವಿಕಿಪೀಡಿಯದ ಜೊತೆಗಿರುವ ಮಾಹಿತಿಕೋಶ ವಿಕಿಡೇಟಾದಲ್ಲಿ ಚಿತ್ರದ ಜಾಗ ಖಾಲಿ ಇರುವ ವಿಷಯಗಳನ್ನು ಕ್ವೆರಿ (ಹುಡುಕುವ ಆದೇಶ) ಬರೆದು ತೆಗೆಯಬಹುದು. ಪ್ರತಿ ವಿಷಯದ ಮೊದಲ ಮೂರು ಫೋಟೋಗೆ ಪೂರ್ತಿ ಅಂಕ, ಆಮೇಲೆ ಸೊನ್ನೆ. ಹೆಸರು, ವಿವರಣೆ, ಸ್ಥಳ ಇಲ್ಲದಿದ್ದರೂ ಸೊನ್ನೆ. ಲೇಖನಕ್ಕೆ ಸೇರಿಸಿದರೆ ಹೆಚ್ಚಿನ ಅಂಕ ಕೊಟ್ಟಾಗ, ಕೆಲವರು ತಮಗೆ ಓದಲು ಬಾರದ ಭಾಷೆಯ ಲೇಖನಗಳಿಗೂ ಫೋಟೋ ತುರುಕಿದರು. ಈಗ ಆ ಭಾಷೆಯಲ್ಲೇ ಅಡಿಬರಹ ಇರಬೇಕು, ಎರಡು ವಾರ ಕಳೆದರೂ ಫೋಟೋ ಅಲ್ಲೇ ಉಳಿದಿರಬೇಕು.

ಬರುವ ಫೋಟೋ ಕಡಿಮೆ, ನಿಜ. ನಮ್ಮ ಕೈಯಲ್ಲಿ ಹಣ ಕಡಿಮೆ, ನನಗೆ ಸಿಗುವುದು ಕೆಲಸ ಮುಗಿದ ಮೇಲಿನ ಒಂದೆರಡು ಗಂಟೆ. ಅಷ್ಟರಲ್ಲಿ ಎಲ್ಲವನ್ನೂ ಕಣ್ಣಾರೆ ನೋಡಬಹುದು. ಒಳ್ಳೆಯ ತೀರ್ಪುಗಾರರೂ ದೊಡ್ಡ ಬಹುಮಾನವೂ ಇದ್ದವರು ಎರಡನೆಯದನ್ನು ನಡೆಸಲಿ.

ಯಾವುದನ್ನೇ ಆರಿಸಿ, ಖಾತೆಯಲ್ಲಿ ಇಮೇಲ್ ಕಡ್ಡಾಯ ಮಾಡಿ. ಇಲ್ಲದಿದ್ದರೆ ಗೆದ್ದವರಿಗೆ ಸುದ್ದಿ ಮುಟ್ಟಿಸುವುದೇ ಕಷ್ಟ.