ಗ್ರ್ಯಾಂಡ್ ಕ್ಯಾನ್ಯನ್ ರೇಂಜರ್‌ಗಳ ತುರ್ತು ಸೇವೆ: ಕಣಿವೆಗೆ ಇಳಿಯುವ ಮೊದಲೇ ಬಳಸಿಕೊಳ್ಳಿ

ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್ ನ್ಯಾಷನಲ್ ಪಾರ್ಕಿನ ಹೋಟೆಲು, ಶಟಲ್ ಬಸ್ಸು, ಸೂರ್ಯಾಸ್ತ ನೋಡುವ ಜಾಗಗಳ ಬಗ್ಗೆ ಬೇಕಾದಷ್ಟು ವಿಮರ್ಶೆಗಳಿವೆ. ಅಲ್ಲಿನ ರೇಂಜರ್‌ಗಳ ತುರ್ತು ಸೇವೆಯ ಬಗ್ಗೆ ಬರೆಯುವವರು ಕಡಿಮೆ. ಬಿಸಿಲಿಗೆ ಕುಸಿದವರನ್ನು ಎತ್ತಿ ತರುವುದು, ಕಾಣೆಯಾದವರನ್ನು ಹುಡುಕುವುದು, ಕಾನೂನು ಮುರಿದವರ ಮೇಲೆ ಕೇಸು ಹಾಕುವುದು, ಇವೆಲ್ಲವೂ ಒಂದೇ ಇಲಾಖೆಯ ಕೆಲಸ. ಸೇವೆ ನಿಜಕ್ಕೂ ಉತ್ತಮವಾಗಿದೆ. ಆದರೆ ಹೆಚ್ಚಿನವರು ಹೆಲಿಕಾಪ್ಟರ್ ಬರುತ್ತದೆಂದು ನಂಬಿಕೊಂಡು, ಟ್ರೇಲ್ ಶುರುವಾಗುವ ಜಾಗದಲ್ಲಿ ನಿಂತು ಮಾತಾಡಿಸುವ ರೇಂಜರನ್ನು ಮುಗುಳ್ನಗೆಯಲ್ಲೇ ದಾಟಿಬಿಡುತ್ತಾರೆ. ಈ ಸೇವೆಯ ಅತ್ಯುತ್ತಮ ಭಾಗ ಇರುವುದು ಆ ಎರಡು ನಿಮಿಷದ ಮಾತಿನಲ್ಲಿ.

1996ರ ಬೇಸಿಗೆಯಲ್ಲಿ ಬಿಸಿಲಿನಿಂದ ಹಲವರು ಸತ್ತ ಮೇಲೆ, ಮುಂದಿನ ವರ್ಷ ಪಾರ್ಕು 'ಪ್ರಿವೆಂಟಿವ್ ಸರ್ಚ್ ಆ್ಯಂಡ್ ರೆಸ್ಕ್ಯೂ' ಎಂಬ ವ್ಯವಸ್ಥೆ ಶುರುಮಾಡಿತು. ರೇಂಜರ್‌ಗಳೂ ತರಬೇತಿ ಪಡೆದ ಸ್ವಯಂಸೇವಕರೂ ಬ್ರೈಟ್ ಏಂಜೆಲ್, ಸೌತ್ ಕೈಬ್ಯಾಬ್ ಟ್ರೇಲ್‌ಗಳಲ್ಲಿ ನಿಂತು ಇಳಿಯುವವರನ್ನು ಮಾತಾಡಿಸುತ್ತಾರೆ. ಎಲ್ಲಿಗೆ ಹೊರಟಿದ್ದೀರಿ, ಎಷ್ಟು ನೀರಿದೆ, ತಿನ್ನಲು ಏನಿದೆ, ವಾಪಸು ಎಷ್ಟು ಹೊತ್ತಿಗೆ? ಇದು ಕುಶಲೋಪರಿಯಲ್ಲ. ನಿಮ್ಮ ಚಪ್ಪಲಿ, ಕೈಯಲ್ಲಿರುವ ಅರ್ಧ ಲೀಟರ್ ಬಾಟಲಿ, ಜೊತೆಗಿರುವ ಮಗು, ಗಡಿಯಾರದಲ್ಲಿ ಆಗಿರುವ ಹೊತ್ತು ಎಲ್ಲವನ್ನೂ ಅವರು ತೂಗಿ ನೋಡುತ್ತಿರುತ್ತಾರೆ. ಕೇಳಿದ್ದಕ್ಕೆ ನಿಜ ಹೇಳಿದರೆ ನಿಮಗೆ ಒಪ್ಪುವ ಗುರಿಯನ್ನು ಅವರೇ ಸೂಚಿಸುತ್ತಾರೆ. 'ತಳದ ಕೊಲೊರಾಡೊ ನದಿಯವರೆಗೆ ಹೋಗಿ ಸಂಜೆಗೆ ಬರುತ್ತೇವೆ' ಅಂದವರಿಗೆ ಬೇಡ ಎನ್ನುತ್ತಾರೆ. ಬಲವಂತವಾಗಿ ತಡೆಯುವುದಿಲ್ಲ, ಕೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ಅಷ್ಟೊಂದು ಎಚ್ಚರಿಕೆ ಯಾಕೆಂದರೆ ಈ ಕಣಿವೆ ಮಾಮೂಲಿ ಬೆಟ್ಟದ ತಿರುವುಮುರುವು. ಕುಮಾರ ಪರ್ವತ ಹತ್ತುವಾಗ ಕಾಲು ಸೋತರೆ ಅಲ್ಲಿಂದಲೇ ತಿರುಗಿ ಇಳಿಯಬಹುದು. ಇಲ್ಲಿ ಸುಲಭದ ಇಳಿಜಾರು ಮೊದಲು ಬರುತ್ತದೆ, ಸುಸ್ತು ಗೊತ್ತಾಗುವ ಹೊತ್ತಿಗೆ ಹತ್ತುವುದೊಂದೇ ಉಳಿದಿರುತ್ತದೆ. ಬ್ರೈಟ್ ಏಂಜೆಲ್ ಟ್ರೇಲ್ ಶುರುವಾಗುವುದು ಸುಮಾರು 2,090 ಮೀಟರ್ ಎತ್ತರದಲ್ಲಿ. ತಳದ ತಂಗುದಾಣ ಫ್ಯಾಂಟಮ್ ರಾಂಚ್ ಇರುವುದು ಸುಮಾರು 760 ಮೀಟರಿನಲ್ಲಿ. ಮೇಲೆ ಹಿತವಾದ ಗಾಳಿ ಬೀಸುತ್ತಿರುವಾಗ ಕೆಳಗೆ ಹತ್ತು ಹನ್ನೊಂದು ಡಿಗ್ರಿ ಸೆಲ್ಸಿಯಸ್ ಹೆಚ್ಚು ಇರುತ್ತದೆ. ಜೂನ್, ಜುಲೈನಲ್ಲಿ ತಳದ ನೆರಳಲ್ಲೇ 49 ಡಿಗ್ರಿ ತಲುಪುವುದುಂಟು. ಇಳಿಯಲು ಒಂದು ಗಂಟೆ ಹಿಡಿದರೆ ಹತ್ತಲು ಎರಡು ಗಂಟೆ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಬೆಳಗ್ಗೆ 10ರಿಂದ ಸಂಜೆ 4ರವರೆಗೆ ದಾರಿಯಲ್ಲಿ ನಡೆಯಬೇಡಿ ಎಂದು ರೇಂಜರ್‌ಗಳು ಹೇಳುವುದು ಈ ಲೆಕ್ಕದ ಮೇಲೆಯೇ.

ಬ್ರೈಟ್ ಏಂಜೆಲ್‌ನಲ್ಲಿ 2.4 ಕಿಲೋಮೀಟರಿಗೆ ಒಂದು, 4.8 ಕಿಲೋಮೀಟರಿಗೆ ಇನ್ನೊಂದು ತಂಗುಮನೆ ಇದೆ. ಆಮೇಲೆ ಸಿಗುವುದು ಹವಸುಪಾಯ್ ಗಾರ್ಡನ್ಸ್. ಅಲ್ಲಿ ರೇಂಜರ್ ಠಾಣೆಯೂ ಇದೆ. ಸೌತ್ ಕೈಬ್ಯಾಬ್‌ನಲ್ಲಿ ನದಿ ತಲುಪುವವರೆಗೆ ಒಂದು ಹನಿ ನೀರಿಲ್ಲ, ನೆರಳೂ ಇಲ್ಲವೆನ್ನುವಷ್ಟು ಕಡಿಮೆ. ಫೋಟೋಗಳಲ್ಲಿ ಚಂದ ಕಾಣುವುದು ಅದೇ ದಾರಿಯಾದ್ದರಿಂದ ಹೊಸಬರು ಅತ್ತಲೇ ಹೋಗುತ್ತಾರೆ. ಮೊದಲ ಸಲ ಇಳಿಯುವವರು ಅಲ್ಲಿ ಸೀಡರ್ ರಿಡ್ಜ್‌ವರೆಗೆ, ಅಂದರೆ 2.4 ಕಿಲೋಮೀಟರ್ ಮಾತ್ರ ಹೋಗಿ ಹಿಂತಿರುಗಿದರೆ ಸಾಕು. ಬ್ರೈಟ್ ಏಂಜೆಲ್ ದಾರಿಯ ಕುಡಿಯುವ ನೀರಿನ ನಲ್ಲಿಗಳನ್ನೂ ಕಣ್ಣುಮುಚ್ಚಿ ನಂಬಬೇಡಿ. 1960ರ ದಶಕದಲ್ಲಿ ಹಾಕಲು ಶುರುಮಾಡಿದ, ಕಣಿವೆಯನ್ನೇ ದಾಟಿ ಬರುವ ಪೈಪು ಪದೇಪದೇ ಒಡೆಯುತ್ತದೆ. 2024ರ ಆಗಸ್ಟ್ ಕೊನೆಯಲ್ಲಿ ಹೀಗೆ ಒಡೆದು ಕಣಿವೆಯ ದಕ್ಷಿಣದ ಅಂಚಾದ ಸೌತ್ ರಿಮ್‌ನಲ್ಲಿ ರಾತ್ರಿ ತಂಗುವುದನ್ನೇ ನಿಲ್ಲಿಸಬೇಕಾಯಿತು. ನೀವು ಹೋಗುವ ದಿನ ಯಾವ ನಲ್ಲಿಯಲ್ಲಿ ನೀರಿದೆ ಎಂದು ರೇಂಜರನ್ನು ಕೇಳಿಯೇ ಇಳಿಯಿರಿ.

ನೀರಿನ ವಿಷಯದಲ್ಲಿ ಇನ್ನೊಂದು ಅಪಾಯವಿದೆ, ಅದನ್ನು ಇಲ್ಲಿನ ರೇಂಜರ್‌ಗಳು ಚೆನ್ನಾಗಿ ಬಲ್ಲರು. ಬಿಸಿಲಿಗೆ ಹೆದರಿ ಬರೀ ನೀರು ಕುಡಿಯುತ್ತ, ಏನೂ ತಿನ್ನದೆ ನಡೆದರೆ ರಕ್ತದಲ್ಲಿ ಸೋಡಿಯಂ ಇಳಿದುಹೋಗುತ್ತದೆ. ವಾಕರಿಕೆ, ತಲೆನೋವು, ಗಲಿಬಿಲಿ ಶುರುವಾಗಿ, ವಿಪರೀತಕ್ಕೆ ಹೋದರೆ ಫಿಟ್ಸ್ ಬಂದು ಪ್ರಜ್ಞೆ ತಪ್ಪುತ್ತದೆ. ಮೇಲ್ನೋಟಕ್ಕೆ ಬಿಸಿಲಿನ ಸುಸ್ತಿನಂತೆಯೇ ಕಾಣುವುದರಿಂದ ಜೊತೆಯವರು ಇನ್ನಷ್ಟು ನೀರು ಕುಡಿಸುತ್ತಾರೆ, ಸ್ಥಿತಿ ಕೆಡುತ್ತದೆ. ಒಬ್ಬರು ಲೀಟರುಗಟ್ಟಲೆ ಕುಡಿದಿದ್ದಾರೆ, ಮೂತ್ರ ನೀರಿನಂತೆ ತಿಳಿಯಾಗಿ ಮತ್ತೆ ಮತ್ತೆ ಬರುತ್ತಿದೆ, ಆದರೂ ತಲೆ ತಿರುಗುತ್ತಿದೆ ಎಂದರೆ ನೀರು ನಿಲ್ಲಿಸಿ ಉಪ್ಪಿನ ತಿಂಡಿ ಕೊಡಬೇಕು. ಗಲಿಬಿಲಿ ಕಂಡರೆ ಕೂಡಲೇ ರೇಂಜರಿಗೆ ತಿಳಿಸಬೇಕು. ಬಿಸಿಲಲ್ಲಿ ನಡೆಯುವಾಗ ಗಂಟೆಗೆ ಅರ್ಧದಿಂದ ಒಂದು ಲೀಟರ್ ನೀರು, ಜೊತೆಗೆ ಅರ್ಧ ಗಂಟೆಗೊಮ್ಮೆ ಏನಾದರೂ ಉಪ್ಪಿನದು. ಇದಕ್ಕೆ ನಮ್ಮ ಕೋಡುಬಳೆ, ಖಾರದ ಅವಲಕ್ಕಿ, ಉಪ್ಪು ಹಾಕಿ ಹುರಿದ ಕಡಲೆಕಾಯಿ ಬೀಜಕ್ಕಿಂತ ಒಳ್ಳೆಯ ತಿಂಡಿ ಬೇಕಿಲ್ಲ. ದಾರಿಯಲ್ಲಿ ಸಿಕ್ಕ ಕಡೆಯೆಲ್ಲ ಅಂಗಿ, ಟೋಪಿ ಒದ್ದೆ ಮಾಡಿಕೊಳ್ಳುವುದೂ ನೀರು ಕುಡಿದಷ್ಟೇ ಮುಖ್ಯ.

ಇಷ್ಟಾಗಿಯೂ ಯಾರಾದರೂ ಬಿದ್ದರೆ? ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲವೆಂದೇ ತಿಳಿಯಿರಿ. ಬ್ರೈಟ್ ಏಂಜೆಲ್‌ನ ತಂಗುಮನೆಗಳಲ್ಲಿ, ಸೌತ್ ಕೈಬ್ಯಾಬ್‌ನ ಟಿಪ್‌ಆಫ್ ಎಂಬಲ್ಲಿ ತುರ್ತು ಫೋನುಗಳಿವೆ. ಐಫೋನ್ 14 ಅಥವಾ ಅದಕ್ಕಿಂತ ಹೊಸದಿದ್ದರೆ ಉಪಗ್ರಹದ ಮೂಲಕ ಎಸ್‌ಒಎಸ್ ಕಳಿಸಬಹುದು. ಆಕಾಶ ಬಯಲಾಗಿ ಕಾಣುವ ಜಾಗ ಬೇಕು, ಬಂಡೆಯ ಬುಡದಲ್ಲಿ ಕೂತರೆ ಸಿಗುವುದಿಲ್ಲ. ಸಂಪರ್ಕ ಸಿಕ್ಕಾಗ ಮೊದಲು ಜಾಗ ಹೇಳಿ: ಯಾವ ಟ್ರೇಲ್, ಯಾವ ತಂಗುಮನೆಯಿಂದ ಎಷ್ಟು ದೂರ, ಮೇಲೋ ಕೆಳಗೋ. ಆಮೇಲೆ ವಯಸ್ಸು, ಎಚ್ಚರವಿದೆಯೇ, ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುತ್ತಾರೆಯೇ, ನಿಂತು ನಡೆಯಬಲ್ಲರೇ, ಸಕ್ಕರೆ ಕಾಯಿಲೆ, ಬಿಪಿ, ಹೃದಯದ ಔಷಧಿ ಏನಾದರೂ ಇದೆಯೇ. ಒಬ್ಬರು ಸಹಾಯಕ್ಕೆ ಹೋಗುವುದಾದರೆ ಈ ವಿವರಗಳನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಲಿ.

ಫೋನ್ ಮಾಡಿದ ಕೂಡಲೇ ಹೆಲಿಕಾಪ್ಟರ್ ಏಳುವುದಿಲ್ಲ, ಏಳಲೂಬಾರದು. ಬಿಸಿಗಾಳಿ ತೆಳುವಾಗಿರುವುದರಿಂದ ರೆಕ್ಕೆಗಳಿಗೆ ಎತ್ತುವ ಶಕ್ತಿ ಕಡಿಮೆ. ಗಾಳಿ, ಹೊಗೆ, ಕತ್ತಲೆ ಕೂಡ ತಡೆ. ಇಳಿಯಲು ಜಾಗವಿಲ್ಲದ ಕಡೆ ಹೆಲಿಕಾಪ್ಟರಿನ ಕೆಳಗೆ ಉದ್ದನೆಯ ಹಗ್ಗದ ತುದಿಗೆ ರೇಂಜರನ್ನು ತೂಗಿಬಿಟ್ಟು ಗಾಯಾಳುವನ್ನು ತರುತ್ತಾರೆ. ಅಲ್ಲಿ ಎರಡು ಜೀವಗಳು ಒಂದೇ ಹಗ್ಗದಲ್ಲಿರುತ್ತವೆ. ಹಾಗಾಗಿ ಬರೀ ಸುಸ್ತು ಎನ್ನುವವರಿಗೆ ಸಿಗುವ ಸಹಾಯ ಹೀಗಿರುತ್ತದೆ: ನೆರಳಲ್ಲಿ ಕೂರಿಸಿ, ಒದ್ದೆ ಮಾಡಿಸಿ, ಉಪ್ಪು ತಿನ್ನಿಸಿ, ಬಿಸಿಲಿಳಿದ ಮೇಲೆ ಟಾರ್ಚ್ ಹಿಡಿದು ನಿಧಾನಕ್ಕೆ ನಡೆದೇ ಹತ್ತಲು ಹೇಳುತ್ತಾರೆ. ಇದನ್ನು ನಿರ್ಲಕ್ಷ್ಯವೆಂದು ದೂರುವವರಿದ್ದಾರೆ. ನನ್ನ ಪ್ರಕಾರ ಇದೇ ಸರಿಯಾದ ಚಿಕಿತ್ಸೆ, ಯಾಕೆಂದರೆ ತಣ್ಣಗಾದ ದೇಹ ಸಾಮಾನ್ಯವಾಗಿ ನಡೆಯಬಲ್ಲದು. ಹೆಲಿಕಾಪ್ಟರ್ ಬಂದೇಬಿಟ್ಟರೆ ಎರಡೂ ಕೈ ಮೇಲೆತ್ತಿ ನಿಲ್ಲುವುದು ಸಹಾಯ ಬೇಕೆಂಬ ಸನ್ನೆ. ಒಂದು ಕೈ ಮೇಲೆ, ಒಂದು ಕೆಳಗೆ ಅಂದರೆ ಬೇಡ. ಸುಮ್ಮನೆ ಕೈಬೀಸಿ ಟಾಟಾ ಮಾಡಬೇಡಿ. ಟೋಪಿ, ದುಪಟ್ಟಾ, ಪ್ಲಾಸ್ಟಿಕ್ ಚೀಲ ಭದ್ರವಾಗಿ ಕಟ್ಟಿಡಿ, ಕರೆಯುವವರೆಗೆ ಹತ್ತಿರ ಹೋಗಬೇಡಿ.

ಯಾರಾದರೂ ಹೇಳಿದ ಹೊತ್ತಿಗೆ ಬಾರದಿದ್ದಾಗ ರೇಂಜರ್‌ಗಳಿಗೆ ಉಪಯೋಗವಾಗುವ ಮಾಹಿತಿ ಬೇರೆಯೇ. ಶೂ ಅಡಿಯ ಅಚ್ಚಿನ ಫೋಟೋ, ಅಂಗಿಯ ಬಣ್ಣ, ಕಾರಿನ ನಂಬರು ಮತ್ತು ನಿಲ್ಲಿಸಿದ ಜಾಗ, ಕೊನೆಗೆ ನೋಡಿದ ಹೊತ್ತು. ಹೊರಡುವ ಮುಂಚೆ ಈ ಫೋಟೋಗಳನ್ನು ಮೇಲೆ ಉಳಿದವರ ಮೊಬೈಲಿಗೆ ಕಳಿಸಿ. ಕಾಣೆಯಾದವರನ್ನು ಹುಡುಕಲು ನೀವೇ ಗುಂಪುಗುಂಪಾಗಿ ಇಳಿದರೆ ಹೆಜ್ಜೆಗುರುತು ಅಳಿಸಿಹೋಗುತ್ತದೆ, ಹುಡುಕಬೇಕಾದವರ ಸಂಖ್ಯೆಯೂ ಏರುತ್ತದೆ.

ಇನ್ನು ಕಾನೂನಿನ ಕಡೆ. ಅಗಲ ಟೋಪಿಯ ರೇಂಜರ್‌ಗಳೆಲ್ಲ ಗೈಡುಗಳಲ್ಲ. ಸೊಂಟದಲ್ಲಿ ಬಂದೂಕಿರುವವರು ಬಂಧಿಸುವ ಅಧಿಕಾರವಿರುವ ಫೆಡರಲ್ ಅಧಿಕಾರಿಗಳು. ರಕ್ಷಣೆಯೂ ಕಾನೂನೂ ಹೇಗೆ ಕೂಡುತ್ತವೆ ಎಂಬುದಕ್ಕೆ 2009ರ ಸೆಪ್ಟೆಂಬರಿನ ಪ್ರಕರಣ ನೋಡಿ. ರಾಯಲ್ ಆರ್ಚ್ ದಾರಿಯಲ್ಲಿ ಹೋದ ನಾಲ್ವರ ಗುಂಪು ಉಪಗ್ರಹ ಸಾಧನದ ತುರ್ತು ಗುಂಡಿಯನ್ನು ಮೂರು ಸಲ ಒತ್ತಿತು. ಮೊದಲ ಸಲ ರಕ್ಷಕರು ತಲುಪುವಷ್ಟರಲ್ಲಿ ಅವರಿಗೆ ನೀರು ಸಿಕ್ಕಿತ್ತು, ಬರುವುದಿಲ್ಲವೆಂದರು. ಎರಡನೆಯ ಸಲ ರಾತ್ರಿ, ಕತ್ತಲಲ್ಲಿ ಕಾಣುವ ಕನ್ನಡಕ ಹಾಕಿಕೊಂಡು ರಾಜ್ಯದ ಹೆಲಿಕಾಪ್ಟರ್ ಹೋದರೆ, ಕುಡಿದ ನೀರು ಉಪ್ಪುಪ್ಪಾಗಿದೆ ಎಂಬುದು ದೂರು. ಮೂರನೆಯ ಸಲ ಎಲ್ಲರನ್ನೂ ಕರೆತಂದು, ಗುಂಪಿನ ಮುಖ್ಯಸ್ಥನ ಮೇಲೆ ಅಪಾಯದ ಸ್ಥಿತಿ ಉಂಟುಮಾಡಿದ ಕೇಸು ಹಾಕಿದರು. ನಿಜವಾದ ತುರ್ತಿನಲ್ಲಿ ಕರೆದವರು ಇದಕ್ಕೆ ಹೆದರಬೇಕಾಗಿಲ್ಲ.

ಪ್ರವಾಸಿಗರು ಸಾಮಾನ್ಯವಾಗಿ ಸಿಕ್ಕಿಬೀಳುವುದು ಸಣ್ಣಪುಟ್ಟದಕ್ಕೆ. ಡ್ರೋನ್ ಹಾರಿಸುವುದಕ್ಕೆ 2014ರಿಂದಲೇ ನಿಷೇಧವಿದೆ. ಆರು ತಿಂಗಳವರೆಗೆ ಜೈಲು, 5,000 ಡಾಲರ್‌ವರೆಗೆ ದಂಡ ಆಗಬಹುದು. ಅಂಚಿನಿಂದ ಕಲ್ಲು ಎಸೆಯುವುದು ಅಪರಾಧ, ಕೆಳಗಿನ ತಿರುವುಗಳಲ್ಲಿ ಜನ ನಡೆಯುತ್ತಿರುತ್ತಾರೆ. ಅಳಿಲಿಗೆ ಕಡಲೆಬೀಜ ಹಾಕುವುದೂ ಅಪರಾಧವೇ, ಅವು ಕಚ್ಚುತ್ತವೆ. ರೇಂಜರ್ ಕೇಸಿನ ಚೀಟಿ ಕೊಟ್ಟರೆ ಅದರಲ್ಲಿ ದಂಡದ ಮೊತ್ತ ಇದೆಯೋ, ಕೋರ್ಟಿಗೆ ಕಡ್ಡಾಯ ಹಾಜರಿ ಎಂದಿದೆಯೋ ನೋಡಿ. ಮರೆತು ಕೂತರೆ ವಾರಂಟ್ ಹೊರಡಬಹುದು. ವೀಸಾದ ಮೇಲಿರುವವರು ದಂಡ ಕಟ್ಟುವ ಮೊದಲು ವಕೀಲರನ್ನು ಕೇಳಿ, ಕಾಗದಗಳನ್ನು ಜೋಪಾನವಾಗಿಡಿ.

ಹಣದ ಬಗ್ಗೆ: ಹುಡುಕಾಟ ಮತ್ತು ರಕ್ಷಣೆಗೆ ನ್ಯಾಷನಲ್ ಪಾರ್ಕ್ ಸರ್ವಿಸ್ ಪ್ರವಾಸಿಗರಿಂದ ದುಡ್ಡು ಕೇಳುವುದಿಲ್ಲ. ಇದು ಈ ಸೇವೆಯ ದೊಡ್ಡತನ. ಆದರೆ ಆಂಬುಲೆನ್ಸ್, ಖಾಸಗಿ ಏರ್ ಆಂಬುಲೆನ್ಸ್, ಸುಮಾರು 130 ಕಿಲೋಮೀಟರ್ ದೂರದ ಫ್ಲ್ಯಾಗ್‌ಸ್ಟಾಫ್ ಆಸ್ಪತ್ರೆಯ ಬಿಲ್ಲು ನಿಮ್ಮದು. ಬೇಸಿಗೆಗೆಂದು ಊರಿಂದ ಬಂದ ಅಪ್ಪ-ಅಮ್ಮನನ್ನು ಕರೆದೊಯ್ಯುವವರು ಅವರ ವಿಸಿಟರ್ ಇನ್ಶೂರೆನ್ಸ್ ತೆಗೆದು, ಮೊದಲೇ ಇದ್ದ ಕಾಯಿಲೆ ಹಠಾತ್ತನೆ ಉಲ್ಬಣಿಸಿದರೆ ಎಷ್ಟರವರೆಗೆ, ಯಾವ ವಯಸ್ಸಿನವರೆಗೆ ಕೊಡುತ್ತಾರೆಂದು ಓದಿಕೊಳ್ಳಿ. ಅವರಿಗೆ ಸೌತ್ ರಿಮ್ ಮೇಲಿನ ಸಮತಟ್ಟಾದ ದಾರಿಯೇ ಸಾಕು. ಎರಡು ಸಾವಿರ ಮೀಟರ್ ಎತ್ತರದಲ್ಲಿ ಅಲ್ಲೂ ಉಸಿರು ಬೇಗ ಕಟ್ಟುತ್ತದೆ.

ಕೊರತೆ ಹೇಳುವುದಾದರೆ, ಶಾಖವನ್ನು ಫ್ಯಾರನ್‌ಹೀಟ್‌ನಲ್ಲಿ, ದೂರವನ್ನು ಮೈಲಿಯಲ್ಲಿ ಮುಂದಿಡುವ ಎಚ್ಚರಿಕೆಗಳು ಭಾರತದಿಂದ ಬಂದವರಿಗೆ ತಟ್ಟುವುದಿಲ್ಲ. 120 ಡಿಗ್ರಿ ಎಂಬ ಅಂಕಿ ಅವರಿಗೆ ಬರೀ ಅಂಕಿ. 49 ಎಂದರೆ ತಕ್ಷಣ ಅರ್ಥವಾಗುತ್ತದೆ. ಜೊತೆಗಿರುವ ಹಿರಿಯರಿಗೆ ನೀವೇ ಅನುವಾದಿಸಿ ಹೇಳಿ. ಇನ್ನೊಂದು ವಿಷಯ, ಲಾಸ್ ವೇಗಸ್‌ನಿಂದ ಹೋಗಿ ಬರುವ ಗಾಜಿನ ಸ್ಕೈವಾಕ್ ಇರುವುದು ಹುವಾಲಪಾಯ್ ಬುಡಕಟ್ಟಿನ ನೆಲದಲ್ಲಿ, ಹೆಸರಾಂತ ಹವಾಸು ಜಲಪಾತ ಹವಸುಪಾಯ್ ಜನರ ನೆಲದಲ್ಲಿ. ಎರಡೂ ನ್ಯಾಷನಲ್ ಪಾರ್ಕಿನ ಹೊರಗೆ. ಅಲ್ಲಿ ನಿಯಮ, ಪರ್ಮಿಟ್ ಬೇರೆ, ತುರ್ತಿಗೆ ಮೊದಲು ಬರುವವರೂ ಬೇರೆ. ಹೋಗುವ ಮೊದಲು ಆಯಾ ಬುಡಕಟ್ಟಿನ ಕಚೇರಿಯಲ್ಲಿ ವಿಚಾರಿಸಿ.