ಕ್ಲಾಟ್ ತಯಾರಿ: ಹಾಸನದ ಮನೆಯಲ್ಲೋ, ಬೆಂಗಳೂರಿನ ಕೋಚಿಂಗ್‌ನಲ್ಲೋ?

ಕ್ಲಾಟ್ ಅಂದರೆ ಪಿಯುಸಿ ನಂತರ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲು ಬರೆಯುವ ಪ್ರವೇಶ ಪರೀಕ್ಷೆ. ಅದರಲ್ಲಿ 120 ಪ್ರಶ್ನೆ, 2 ಗಂಟೆ. ಪ್ರತಿ ತಪ್ಪಿಗೆ 0.25 ಅಂಕ ಹೋಗುತ್ತದೆ. ಕಾನೂನು ಬಾಯಿಪಾಠ ಬೇಕಿಲ್ಲ. ಉದ್ದದ ಇಂಗ್ಲಿಷ್ ಪ್ಯಾರಾ ಓದಿ, ಅದರಲ್ಲೇ ಕೊಟ್ಟ ನಿಯಮವನ್ನು ಘಟನೆಗೆ ಹೊಂದಿಸಬೇಕು. ಅಂದಮೇಲೆ ಓದುವ ವೇಗವೇ ಮುಖ್ಯ, ಅಲ್ವಾ?

ಅದು ಹಾಸನದಲ್ಲೇ ಬರುತ್ತದೆ. ನನ್ನ ತಂಗಿ ದಿನಾ ಬೆಳಿಗ್ಗೆ ಪೇಪರಿನ ಸಂಪಾದಕೀಯವನ್ನು ಗಡಿಯಾರ ಇಟ್ಟುಕೊಂಡು ಓದುತ್ತಿದ್ದಳು. ಗೊತ್ತಿಲ್ಲದ ಪದಕ್ಕೆ ಪೆನ್ಸಿಲ್ ಗೆರೆ. ಮೊದಲು 12 ನಿಮಿಷ, ಮೂರು ತಿಂಗಳಲ್ಲಿ 5.

ಬೆಂಗಳೂರಿನಲ್ಲಿ ಪೈಪೋಟಿ ಇದೆ, ತಪ್ಪು ತಿದ್ದುವವರು ಎದುರಿಗೇ ಇರುತ್ತಾರೆ. ಅದು ದೊಡ್ಡದೇ. ಆದರೆ ಪಿಜಿ ಬಾಡಿಗೆ, ಫೀಸು ಸೇರಿದರೆ ಮನೆಗೆ ಭಾರ ಜಾಸ್ತಿ.

ಗಣಿತ ಹತ್ತನೇ ತರಗತಿ ಮಟ್ಟದ್ದು, ಅದಕ್ಕಾಗಿ ಊರು ಬಿಡಬೇಡಿ. ಇಂಗ್ಲಿಷ್ ತೀರಾ ತೊಡರಿದರೆ ಮಾತ್ರ ರಜೆಯಲ್ಲಿ ಒಂದು ತಿಂಗಳು ಹೋಗಿ ಬನ್ನಿ.