ಪಿಕಪ್ ಒಳಗೆ ಖಾನೆ: ಖಾಯಂ ಗೋಡೆಯೋ, ಸರಿಸುವ ಕಂಬಿಯೋ?

ಮಂಗಳೂರಿನಲ್ಲಿ ತುಂಬಿಸಿ ಉಪ್ಪಳ, ಕುಂಬಳೆ, ಕಾಸರಗೋಡು ಅಂತ ಇಳಿಸುತ್ತಾ ಹೋಗುವ ಗಾಡಿಗೆ ಖಾನೆ ಬೇಕೇ ಬೇಕು. ಇಲ್ಲದಿದ್ದರೆ ಉಪ್ಪಳದ ಎಣ್ಣೆ ಡಬ್ಬ ತೆಗೆಯಲು ಕಾಸರಗೋಡಿನ ಅಕ್ಕಿ ಮೂಟೆ ರಸ್ತೆಗಿಳಿಸಬೇಕು.

ತಗಡಿನ ಖಾಯಂ ಗೋಡೆ ಗಟ್ಟಿ. ಅಂಚಿಗೆ ಸರಿಯಾಗಿ ರಬ್ಬರ್ ಹಾಕಿಸಿದರೆ ಮೀನಿನ ನೀರು ಬಿಸ್ಕತ್ತಿನ ಪೆಟ್ಟಿಗೆಯತ್ತ ಹರಿಯುವುದಿಲ್ಲ. ಒಂದು ಖಾನೆಗೆ ಎಷ್ಟು ಮೂಟೆ ಎಂಬುದೂ ಮೊದಲೇ ಗೊತ್ತು. ಆದರೆ ಗೋಡೆಯ ತೂಕವೂ ಲೋಡಿನ ಲೆಕ್ಕಕ್ಕೇ ಸೇರುತ್ತದೆ. ಗೋಡೆ 100 ಕಿಲೋ ಇದ್ದರೆ 50 ಕಿಲೋದ ಎರಡು ಮೂಟೆ ಬಿಟ್ಟ ಹಾಗೆ. ಬದಿಯಡ್ಕದಿಂದ ಅಡಿಕೆ ತರುವ ದಿನ ಅದು ಸುಮ್ನೆ ಅಡ್ಡ.

ಸರಿಸುವ ಕಂಬಿಯನ್ನು ಎರಡೂ ಬದಿಯ ತೂತಿನ ಪಟ್ಟಿಗೆ ಸಿಕ್ಕಿಸುವುದು. ಖಾನೆ ಬೇಕಾದಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ನೀರು, ವಾಸನೆ ಮಾತ್ರ ತಡೆಯದು. ಪ್ರತಿ ಬೆಳಿಗ್ಗೆ ಲೆಕ್ಕವೂ ಹಾಕಬೇಕು: ಕೊನೆಗೆ ಇಳಿಸುವುದು ಮೊದಲು ಒಳಗೆ, ಕ್ಯಾಬಿನ್ ಕಡೆಗೆ. ಭಾರವೆಲ್ಲ ಹಿಂಬಾಗಿಲಿಗೆ ಬಂದರೆ ಸ್ಟೇರಿಂಗ್ ಹಗುರವಾಗುತ್ತದೆ, ಅಲ್ವಾ? ಒಮ್ಮೆ ನಾನು ಕೊಕ್ಕೆ ಕೂತಿದೆಯಾ ಅಂತ ನೋಡಲಿಲ್ಲ. ಒಂದೇ ಬ್ರೇಕಿಗೆ ಕಂಬಿ ಕಳಚಿತು, ಮೂರು ಟ್ರೇ ಮೊಟ್ಟೆ ಹೋಯಿತು.

ದಿನವೂ ಮೀನಾದರೆ ಗೋಡೆ ಹಾಕಿಸಿ. ಇವತ್ತು ದಿನಸಿ, ನಾಳೆ ಅಡಿಕೆ ಅನ್ನುವವರಿಗೆ ಕಂಬಿಯೇ ಸರಿ. ನನ್ನ ಗಾಡಿಯಲ್ಲಿ ಈಗಲೂ ಅದೇ ಇದೆ.